ಬೋರ್ಡು ನೋಡಿ ಹತ್ತಿ, ಸ್ವಾಮೀ!

ಈ ಪತ್ರಿಕೆಯನ್ನು ನೀವು ಬಸ್ ಸ್ಟ್ಯಾಂಡಿನಲ್ಲೇ ಕೊಂಡಿರುತ್ತೀರಿ. ಹಾಗಾದರೆ ಒಮ್ಮೆ ತಲೆ ಎತ್ತಿ ಎದುರಿಗೆ ನೋಡಿ. ಪ್ರತಿ ಬಸ್ಸಿನ ನೆತ್ತಿಯ ಮೇಲೂ ಒಂದು ಬೋರ್ಡು. ಅರಸೀಕೆರೆಗೋ, ಹಿರಿಯೂರಿಗೋ, ತಡೆರಹಿತವೋ, ಕೈ ಅಡ್ಡ ಹಾಕಿದಲ್ಲೆಲ್ಲ ನಿಲ್ಲಿಸುವುದೋ... ಹತ್ತುವ ಮುಂಚೆಯೇ ಗೊತ್ತು. ಬೋರ್ಡಿಲ್ಲದ ಬಸ್ಸು ಬಂದು ನಿಂತರೆ ಏನು ಮಾಡ್ತೀರಿ? ಕಂಡಕ್ಟರನ್ನು ಕೇಳ್ತೀರಿ. ಕಂಡಕ್ಟರೂ ಕಾಣದಿದ್ದರೆ? ಹತ್ತೋದೇ ಇಲ್ಲ, ಅಲ್ವೇ!

ನಮ್ಮ ಹುಡುಗರು ತೆಗೆಯೋ ಕಿರುಚಿತ್ರಗಳ ಪಾಡು ಇದೇ ಕಣ್ರೀ.

ದೊಡ್ಡ ಚಿತ್ರಕ್ಕೆ ಈ ಕಷ್ಟ ಇಲ್ಲ. ಗೋಡೆಯ ಮೇಲೆ ರಾಜಣ್ಣ ಗದೆ ಹಿಡಿದಿದ್ದರೆ ಪೌರಾಣಿಕ, ಪಿಸ್ತೂಲು ಹಿಡಿದಿದ್ದರೆ ಪತ್ತೇದಾರಿ. 1968ರಲ್ಲಿ ‘ಜೇಡರ ಬಲೆ’ಯಲ್ಲಿ ಅವರು ಸಿ.ಐ.ಡಿ. 999 ಆದರು, ಅದೇ ವರ್ಷ ಬಂದ ‘ಗೋವಾದಲ್ಲಿ ಸಿ.ಐ.ಡಿ. 999’ ಹೆಸರಿನಲ್ಲೇ ಬೋರ್ಡು ಕಟ್ಟಿಕೊಂಡು ಬಂತು. 1977ರ ‘ಬಬ್ರುವಾಹನ’ಕ್ಕೆ ಹೋಗುವವನು ಪ್ಯಾಂಟು ಹಾಕಿದ ಹೀರೋನನ್ನು ನೋಡೋಕೆ ಹೋಗಲ್ಲ. 1979ರ ‘ನಾ ನಿನ್ನ ಬಿಡಲಾರೆ’ ಹೆಸರು ಕೇಳಿದರೆ ಯಾರೋ ಪ್ರೇಮಿಗಳ ಕಥೆ ಅನ್ನಿಸಬೇಕು. ಆದರೆ ಬಿಡಲಾರೆ ಅಂದಿದ್ದು ಪ್ರೇತ ಅನ್ನೋದು ಟಿಕೆಟ್ ಹರಿಯೋ ಮುಂಚೆಯೇ ಊರಿಗೆಲ್ಲ ಗೊತ್ತು. ಪೋಸ್ಟರು, ನಟ, ಹಾಡು, ಪಕ್ಕದ ಮನೆಯವರ ಬಾಯಿ, ಇಷ್ಟೂ ಸೇರಿ ಪ್ರೇಕ್ಷಕ ಮಹಾಪ್ರಭುವನ್ನು ತಯಾರು ಮಾಡಿಯೇ ಒಳಗೆ ಕೂರಿಸುತ್ತವೆ.

ಕಿರುಚಿತ್ರಕ್ಕೆ ಇದರಲ್ಲಿ ಒಂದೂ ಇಲ್ಲ. ನಟ ಯಾರೋ ಗೊತ್ತಿಲ್ಲ. ಗೋಡೆಗೆ ಅಂಟಿಸೋಕೆ ಮೈದಾಹಿಟ್ಟಿಗೂ ದುಡ್ಡಿಲ್ಲ. ಇಂಟರ್‌ವಲ್ಲಿನಲ್ಲಿ ಸರಿ ಮಾಡ್ಕೊಳ್ಳೋಣ ಅಂದ್ರೆ ಇಂಟರ್‌ವಲ್ಲೇ ಇಲ್ಲ. ಇರೋದು ಹನ್ನೆರಡು ನಿಮಿಷ. ‘ಇದು ನಗೋ ಪಿಚ್ಚರೋ ಅಳೋ ಪಿಚ್ಚರೋ’ ಅಂತ ನೋಡುವವನು ಮೂರು ನಿಮಿಷ ತಡಕಾಡಿದರೆ ಕಾಲುಭಾಗ ಚಿತ್ರ ಕೈಬಿಟ್ಟು ಹೋಯಿತು.

ಇಂಗ್ಲಿಷ್ ಬಲ್ಲವರು ಇದಕ್ಕೆ ‘ಜಾನರ್’ ಎನ್ನುತ್ತಾರೆ. ಮೂಲ ಫ್ರೆಂಚ್ ಪದವಂತೆ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನ್ನ ನಾಲಿಗೆಗೆ ಅದು ಹೊರಳಲ್ಲ. ‘ಯಾವ ಟೈಪು ಪಿಚ್ಚರು?’ ಅಂತ ನಮ್ಮೂರ ಟಾಕೀಸಿನ ಗೇಟಿನಲ್ಲಿ ಕೇಳ್ತಿದ್ದರು, ನನಗೆ ಅದೇ ಸಾಕು.

ಇದೇನು ಇವತ್ತಿನ ತಲೆನೋವಲ್ಲ. ಸಿನಿಮಾ ಹುಟ್ಟಿದ್ದೇ ಕಿರುಚಿತ್ರವಾಗಿ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲ್ಯೂಮಿಯೇರ್ ಸಹೋದರರು ಟಿಕೆಟ್ ಇಟ್ಟು ತೋರಿಸಿದ ಹತ್ತು ತುಣುಕುಗಳಲ್ಲಿ ಒಂದು ತೋಟದ ಮಾಲಿಯದು. ಪೂರಾ ಒಂದು ನಿಮಿಷವೂ ಇಲ್ಲ. ಮಾಲಿ ಪೈಪಿನಲ್ಲಿ ಗಿಡಕ್ಕೆ ನೀರು ಬಿಡ್ತಿದ್ದಾನೆ. ಹಿಂದಿನಿಂದ ಒಬ್ಬ ತುಂಟ ಹುಡುಗ ಬಂದು ಪೈಪನ್ನು ತುಳಿದು ನಿಲ್ಲುತ್ತಾನೆ. ನೀರು ನಿಂತಿತು. ಮಾಲಿ ಪೈಪಿನ ಬಾಯಿ ತಿರುಗಿಸಿ ಕಣ್ಣಿಟ್ಟು ನೋಡ್ತಾನೆ. ಹುಡುಗ ಕಾಲು ತೆಗೆದ. ಉಳಿದದ್ದು ನೀವೇ ಊಹಿಸಿ!

ನೋಡಿ, ಇಲ್ಲಿ ಸಂಗೀತವಿಲ್ಲ, ಮಾತಿಲ್ಲ. ‘ಇದು ಹಾಸ್ಯ’ ಅಂತ ಹೇಳಿದ್ದು ಯಾರು? ಕ್ಯಾಮೆರಾ ಇಟ್ಟ ಜಾಗ! ಹುಡುಗ ನಮಗೆ ಕಾಣ್ತಾನೆ, ಮಾಲಿಗೆ ಕಾಣಲ್ಲ. ಅಷ್ಟೇ ಗುಟ್ಟು. ಅದೇ ಹುಡುಗನ ಜಾಗದಲ್ಲಿ ಚೂರಿ ಹಿಡಿದವನೊಬ್ಬನನ್ನು ನಿಲ್ಲಿಸಿ ನೋಡೋಣ. ಕ್ಯಾಮೆರಾ ಕದಲಬೇಕಾಗಿಲ್ಲ, ನಗು ಹೋಗಿ ಎದೆ ಡವಡವ. ಹಾಸ್ಯಕ್ಕೂ ಭಯಕ್ಕೂ ನಡುವೆ ಇರೋದು ಒಂದು ಪೈಪು, ಒಂದು ಚೂರಿ!

ಇಷ್ಟಾದರೂ ಆ ಸಹೋದರರಿಗೆ ಧೈರ್ಯ ಸಾಲಲಿಲ್ಲವೋ ಏನೋ. ಆ ಮೇಲೆ ಅವರ ಪ್ರದರ್ಶನಕ್ಕೆ ಓಝೋಲ್ ಎಂಬ ಕಲಾವಿದ ಬರೆದ ಪೋಸ್ಟರಿನಲ್ಲಿ ಪರದೆಯ ಮೇಲೆ ಈ ಮಾಲಿ ಇದ್ದಾನೆ, ಪರದೆಯ ಮುಂದೆ ಕೂತು ನಗುತ್ತಿರುವ ಪ್ರೇಕ್ಷಕರೂ ಇದ್ದಾರೆ. ಒಳಗೆ ಬಂದು ನೀವು ಮಾಡಬೇಕಾದ ಕೆಲಸ ಏನು ಅಂತ ಗೋಡೆಯ ಮೇಲೆಯೇ ಬರೆದು ತೋರಿಸಿಬಿಟ್ಟರು. ಗಾಂಧಿನಗರದ ಪ್ರಚಾರಕರ್ತರು ಇವರ ಮುಂದೆ ಏನೂ ಅಲ್ಲ ಬಿಡಿ.

ಅಮೆರಿಕದಲ್ಲಿ 1903ರಲ್ಲಿ ಎಡ್ವಿನ್ ಪೋರ್ಟರ್ ‘ದಿ ಗ್ರೇಟ್ ಟ್ರೈನ್ ರಾಬರಿ’ ತೆಗೆದಾಗಲೂ ಇದೇ ಯೋಚನೆ. ಹನ್ನೆರಡು ನಿಮಿಷದ ರೈಲು ದರೋಡೆ. ಅದರಲ್ಲೊಂದು ಶಾಟ್ ಇದೆ, ದರೋಡೆಕೋರ ನೇರವಾಗಿ ನಮ್ಮ ಮುಖಕ್ಕೇ ಗುರಿಯಿಟ್ಟು ಗುಂಡು ಹಾರಿಸ್ತಾನೆ. ಕಥೆಗೂ ಅದಕ್ಕೂ ಸಂಬಂಧವೇ ಇಲ್ಲ. ಈ ತುಂಡನ್ನು ಚಿತ್ರದ ಮೊದಲಿಗಾದರೂ ಹಾಕಿಕೊಳ್ಳಿ, ಕೊನೆಗಾದರೂ ಹಾಕಿಕೊಳ್ಳಿ ಅಂತ ಎಡಿಸನ್ ಕಂಪನಿಯ ಕ್ಯಾಟಲಾಗಿನಲ್ಲೇ ಪ್ರದರ್ಶಕರಿಗೆ ಬಿಟ್ಟುಕೊಟ್ಟಿದ್ದರು. ಮೊದಲಿಗೆ ಹಾಕಿದರೆ ಬೋರ್ಡು, ಕೊನೆಗೆ ಹಾಕಿದರೆ ಪಟಾಕಿ. ನನ್ನನ್ನು ಕೇಳಿದ್ದರೆ ಮೊದಲಿಗೇ ಅನ್ನುತ್ತಿದ್ದೆ.

ನಮ್ಮ ದೇಶಕ್ಕೆ ಬರೋಣ. 1948ರಲ್ಲಿ ಶುರುವಾದ ಫಿಲ್ಮ್ಸ್ ಡಿವಿಷನ್ನಿನ ತುಣುಕುಗಳನ್ನು ಟಾಕೀಸುಗಳಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಕಡ್ಡಾಯವಾಗಿ ತೋರಿಸುತ್ತಿದ್ದರು. (2022ರಲ್ಲಿ ಆ ಸಂಸ್ಥೆ ಎನ್.ಎಫ್.ಡಿ.ಸಿ. ಒಳಗೆ ಕರಗಿತು.) ಆ ಗಡಸು ದನಿಯ ವಿವರಣೆ ಶುರುವಾಯಿತೆಂದರೆ ಗಾಂಧೀ ಕ್ಲಾಸು ಎದ್ದು ಹೊರಗೆ ಬೀಡಿಗೆ ಹೋಗುತ್ತಿತ್ತಂತೆ. ನಮ್ಮಪ್ಪ ಹೇಳಿದ್ದು. ದನಿಯೇ ಬೋರ್ಡು: ಅಣೆಕಟ್ಟು, ಪ್ರವಾಹ, ಟೇಪು ಕತ್ತರಿಸುವ ಮಂತ್ರಿಗಳು! ಇದರಲ್ಲಿ ನಷ್ಟವಾಗಿದ್ದು ಯಾರಿಗೆ ಗೊತ್ತೇ? ಪ್ರಮೋದ್ ಪತಿಯಂಥವರಿಗೆ. ಅದೇ ಫಿಲ್ಮ್ಸ್ ಡಿವಿಷನ್ನಿನಲ್ಲಿ ಕೂತು 1968ರಲ್ಲಿ ಅವರು ‘ಎಕ್ಸ್‌ಪ್ಲೋರರ್’ ತೆಗೆದರು. ವಿವರಣೆಯ ದನಿಯೇ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರದ ಮೇಲೆ ಚಿತ್ರ ಬಡಿಯುತ್ತದೆ. ಯುವಕರ ಎದೆಯ ಗಲಾಟೆ ಅದು. ಆದರೆ ಬಸ್ಸಿನ ಮೇಲೆ ಸರ್ಕಾರಿ ಬೋರ್ಡು. ಬೀಡಿ ಸೇದಲು ಹೋದವನಿಗೆ ಒಳಗೆ ಏನು ಓಡ್ತಿದೆ ಅಂತ ಹೇಗೆ ಗೊತ್ತಾಗಬೇಕು?

ಹೆಸರೇ ಬೋರ್ಡಾಗೋದಕ್ಕೆ ನನಗೆ ಇಷ್ಟವಾದ ಉದಾಹರಣೆ ‘ಅಹಲ್ಯಾ’. 2015ರಲ್ಲಿ ಸುಜಯ್ ಘೋಷ್ ಬಂಗಾಳಿಯಲ್ಲಿ ತೆಗೆದು ಯೂಟ್ಯೂಬಿಗೆ ಬಿಟ್ಟ ಹದಿನಾಲ್ಕು ನಿಮಿಷದ ಚಿತ್ರ. ಒಬ್ಬ ಪೊಲೀಸ್ ಅಧಿಕಾರಿ, ಕಾಣೆಯಾದ ಯುವಕನೊಬ್ಬನನ್ನು ಹುಡುಕಿಕೊಂಡು ವೃದ್ಧ ಕಲಾವಿದನ ಮನೆಗೆ ಬರ್ತಾನೆ. ಬಾಗಿಲು ತೆಗೆದವಳು ಚಿಕ್ಕ ವಯಸ್ಸಿನ ಚೆಲುವೆ. ಸೌಮಿತ್ರ ಚಟರ್ಜಿ ಕಲಾವಿದ, ರಾಧಿಕಾ ಆಪ್ಟೆ ಹೆಂಡತಿ. ಅವಳ ಹೆಸರು ಅಹಲ್ಯಾ, ಗಂಡನ ಹೆಸರು ಗೌತಮ್, ಬಂದ ಪೊಲೀಸಿನ ಹೆಸರು ಇಂದ್ರ!

ಇನ್ನೇನು ಹೇಳಬೇಕು ಸ್ವಾಮೀ? ಹರಿಕಥೆ ಕೇಳಿ ಬೆಳೆದ ನಮ್ಮ ಅಜ್ಜಿಯನ್ನು ಮುಂದೆ ಕೂರಿಸಿದರೆ ಎರಡನೇ ನಿಮಿಷಕ್ಕೇ ‘ಅಯ್ಯೋ, ಇವನು ಕೆಟ್ಟ’ ಅಂದುಬಿಡ್ತಾಳೆ. ಪೊಲೀಸು, ತನಿಖೆ, ಕಾಣೆಯಾದವನು ಅಂತ ಪತ್ತೇದಾರಿ ಬಟ್ಟೆ ತೊಡಿಸಿದ್ದಾರೆ. ಒಳಗೆ ಶಾಪದ ಕಥೆ ಕಾಯ್ತಾ ಕೂತಿದೆ. ಮೇಜಿನ ಮೇಲೆ ಸಾಲಾಗಿ ನಿಂತ ಗೊಂಬೆಗಳಲ್ಲಿ ಒಂದು ಸುಮ್ಮನೆ ಉರುಳಿ ಬೀಳುತ್ತದೆ. ಅಷ್ಟು ಸಾಕು, ಪತ್ತೇದಾರಿ ಬೋರ್ಡು ಅಲ್ಲಿಗೆ ವಾಲಿತು. ಈ ಮೂರು ಹೆಸರು ಇಲ್ಲದಿದ್ದರೆ ಅದನ್ನೆಲ್ಲ ವಿವರಿಸೋಕೆ ಘೋಷ್ ಸಾಹೇಬರಿಗೆ ಇನ್ನೂ ಹತ್ತು ನಿಮಿಷ ಬೇಕಾಗುತ್ತಿತ್ತು.

ಈಗ ನನ್ನ ಕಣ್ಣೆದುರೇ ನಡೆದ ಒಂದು ವಿಷಯ ಹೇಳ್ತೀನಿ. ಈ ಅಂಕಣ ಬರೆಯೋಕೆ ಕಾರಣವೂ ಅದೇ.

ಚಿತ್ರದುರ್ಗದ ಕಡೆಯ ಗೆಳೆಯನೊಬ್ಬ. ಹೆಸರು ಬೇಡ. ಹೆಂಡತಿಯ ಸರ ಅಡವಿಟ್ಟು ಹನ್ನೊಂದು ನಿಮಿಷದ ಚಿತ್ರ ತೆಗೆದ. ಕಥೆ ಬೋರ್‌ವೆಲ್ಲಿನದು. ಎರಡು ಸಲ ಕೊರೆಸಿ ನೀರು ಸಿಗದ ರೈತ ಮೂರನೇ ಸಲ ಸಾಲ ಮಾಡಿ ಕೊರೆಸ್ತಾನೆ. ರೈತನ ಪಾತ್ರ ಮಾಡಿದ್ದು ಗೆಳೆಯನ ತಂದೆಯೇ. ಕಥೆಯೂ ಅವರದ್ದೇ ಅನ್ನಿ. ಚಿತ್ರ ಶುರುವಾಗೋದು ನೀರು ನೋಡುವವನಿಂದ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ತುಂಬ ಅಡ್ಡಾಡ್ತಾನೆ. ನೀರಿರೋ ಕಡೆ ಕಾಯಿ ಎದ್ದು ನಿಲ್ಲಬೇಕು. ಹಿಂದೆ ಹಿಂದೆ ರೈತ, ಅವನ ಹಿಂದೆ ಮಗ, ಮಗನ ಹಿಂದೆ ನಾಯಿ. ಚೆನ್ನಾಗಿ ತೆಗೆದಿದ್ದ. ಆದರೆ ಅದಕ್ಕೆ ಎಲ್ಲಿಂದಲೋ ಪುಕ್ಕಟೆ ಸಿಕ್ಕ ಒಂದು ಸಂಗೀತ ಹಚ್ಚಿದ್ದ. ಮೋರ್ಚಿಂಗಿನ ‘ಟೊಂಯ್ ಟೊಂಯ್’. ಹಳ್ಳಿ ವಾತಾವರಣ ಬರಲಿ ಅಂತ ಅವನ ಲೆಕ್ಕ.

ಊರಿನ ಒಂದು ಹಾಲಿನಲ್ಲಿ ಮೊದಲ ಪ್ರದರ್ಶನ. ನೂರು ಜನ ಇದ್ದರೇನೋ. ಟೊಂಯ್ ಅಂದ ಕೂಡಲೇ ಮುಂದಿನ ಸಾಲಿನ ಹುಡುಗರು ಕಿಸಕ್ ಅಂದರು. ನಾಯಿ ಬಂದಾಗ ಹಾಲೆಲ್ಲ ನಗು. ಗೆಳೆಯನ ಮುಖ ಅರಳಿತು, ಜನಕ್ಕೆ ಹಿಡಿಸ್ತು ಅಂತ. ಆಮೇಲೆ ಬೋರ್‌ವೆಲ್ ಲಾರಿ ಬಂತು, ನಕ್ಕರು. ರೈತನ ಹೆಂಡತಿ ಪೂಜೆ ಮಾಡಿ ನಿಂಬೆಹಣ್ಣು ಇಟ್ಟಳು, ನಕ್ಕರು. ಆರುನೂರು ಅಡಿಗೂ ನೀರಿಲ್ಲ, ಬರೀ ಬಿಳೀ ದೂಳು. ಮೈಯೆಲ್ಲ ದೂಳು ಮೆತ್ತಿಕೊಂಡು ರೈತ ಕುಕ್ಕರಗಾಲಿನಲ್ಲಿ ಕೂರ್ತಾನೆ. ಬರೀ ಕಣ್ಣು ಮಾತ್ರ ಕಾಣುತ್ತೆ. ಆ ದೃಶ್ಯಕ್ಕೆ ಬಿತ್ತು ನೋಡಿ ಶೀಟಿ!

ಜನ ಕೆಟ್ಟವರಲ್ಲ ರೀ. ಅವರಲ್ಲೂ ಅರ್ಧಕ್ಕರ್ಧ ಬೋರ್‌ವೆಲ್ಲಿಗೆ ಸಾಲ ಮಾಡಿದವರೇ. ಮೊದಲ ನಿಮಿಷದಲ್ಲಿ ‘ಇದು ನಗೋ ಬಸ್ಸು’ ಅಂತ ಬೋರ್ಡು ತೋರಿಸಿ ಹತ್ತಿಸಿಕೊಂಡಿದ್ದೀರಿ, ಅವರು ನಕ್ಕರು. ಹಾಸ್ಯದ ಚಿತ್ರದಲ್ಲಿ ಮೈಗೆಲ್ಲ ಬಿಳಿ ಬಳಿದುಕೊಂಡವನು ನಗೋಕೇ ಇರೋದು.

ಮುಗಿದ ಮೇಲೆ ಗೆಳೆಯನ ತಂದೆ ಎದ್ದು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲ್ಲು. ಮಗನನ್ನು ಕೇಳಿದರು:

‘ನಾನು ಅಷ್ಟು ಚೆನ್ನಾಗಿ ನಗಿಸಿದ್ನೇನಪ್ಪಾ?’

ವ್ಯಂಗ್ಯವಲ್ಲ. ನಿಜವಾಗಿಯೇ ಕೇಳಿದ್ದು. ಅದಕ್ಕೇ ಆ ರಾತ್ರಿ ಗೆಳೆಯ ಊಟ ಮಾಡಲಿಲ್ಲ.

ತಿಂಗಳಾದ ಮೇಲೆ ಅವನು ಚಿತ್ರವನ್ನು ಮತ್ತೆ ಎಡಿಟಿಂಗಿಗೆ ಕೂರಿಸಿದ. ಹೊಸದಾಗಿ ಒಂದು ಶಾಟೂ ತೆಗೆಯಲಿಲ್ಲ, ತೆಗೆಯೋಕೆ ಕಾಸೆಲ್ಲಿ? ಮೋರ್ಚಿಂಗ್ ಕಿತ್ತು ಹಾಕಿದ. ಈಗ ಪರದೆ ಕಪ್ಪಗಿರುತ್ತೆ. ಕತ್ತಲಲ್ಲಿ ಕೊರೆಯುವ ಯಂತ್ರದ ಸದ್ದು ಮಾತ್ರ, ಹತ್ತು ಸೆಕೆಂಡು. ಹಳ್ಳಿಯಲ್ಲಿ ರಾತ್ರಿ ಹೊತ್ತು ಆ ಸದ್ದು ಕೇಳಿದವರಿಗೆ ಗೊತ್ತು, ಯಾರದೋ ಮನೆಯವರು ನಿದ್ದೆ ಮಾಡಿಲ್ಲ ಅಂತ ಅರ್ಥ. ಸದ್ದು ಗಕ್ಕನೆ ನಿಲ್ಲುತ್ತೆ. ಆಮೇಲೆ ಬೆಳಗು, ತೆಂಗಿನಕಾಯಿ, ನೀರು ನೋಡುವವನು, ನಾಯಿ. ಸಂಗೀತವಿಲ್ಲ, ಹೆಜ್ಜೆ ಸಪ್ಪಳ ಮಾತ್ರ. ಬದಲಾಗಿದ್ದು ಮೊದಲ ಒಂದು ನಿಮಿಷ. ಉಳಿದ ಹತ್ತು ನಿಮಿಷ ಹಾಗೇ ಇದೆ.

ಬೇರೆ ಊರಿನ ಕಾಲೇಜೊಂದರಲ್ಲಿ ತೋರಿಸಿದಾಗ ನಾನೂ ಹೋಗಿದ್ದೆ. ನಾಯಿ ಬಂದಾಗ ಒಂದಿಬ್ಬರು ನಕ್ಕರು, ತಾವೇ ಸುಮ್ಮನಾದರು. ದೂಳು ಮೆತ್ತಿದ ಮುಖ ಬಂದಾಗ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅದೇ ಮುಖ, ಅದೇ ದೂಳು!

ಇನ್ನು, ಬೋರ್ಡನ್ನು ಬೇರೆಯವರು ಬದಲಾಯಿಸಿದರೆ? ಅದೂ ನಡೆದಿದೆ. ಫ್ರಾನ್ಸಿನ ರೊಬೇರ್ ಎನ್ರಿಕೊ, ಅಮೆರಿಕದ ಅಂಬ್ರೋಸ್ ಬಿಯರ್ಸ್ ಬರೆದ ಕಥೆಯಿಂದ ಅರ್ಧ ಗಂಟೆಯೊಳಗಿನ ಒಂದು ಚಿತ್ರ ತೆಗೆದರು. ಅಮೆರಿಕದ ಅಂತರ್ಯುದ್ಧದ ಕಾಲ, ಸೇತುವೆಯ ಮೇಲೆ ಒಬ್ಬನನ್ನು ನೇಣಿಗೆ ಹಾಕುತ್ತಿದ್ದಾರೆ, ಹಗ್ಗ ಕಿತ್ತು ಹೊಳೆಗೆ ಬೀಳ್ತಾನೆ. ಶುರುವಿನಲ್ಲೇ ಮರಕ್ಕೆ ಹೊಡೆದ ಒಂದು ನೋಟೀಸು ತೋರಿಸ್ತಾರೆ: ರೈಲು ಸೇತುವೆಗೆ ಕೈ ಹಾಕಿದ ನಾಗರಿಕನಿಗೆ ನೇಣು. ಇದು ಯುದ್ಧದ ಕಥೆ, ಸಾವಿನ ಕಥೆ ಅಂತ ಪ್ರಾಮಾಣಿಕವಾಗಿ ಹಾಕಿದ ಬೋರ್ಡು. 1962ರಲ್ಲಿ ಕಾನ್ ಉತ್ಸವದಲ್ಲಿ ಬಹುಮಾನ ಬಂತು, ಮುಂದೆ ಆಸ್ಕರ್ ಕೂಡ. 1964ರ ಫೆಬ್ರವರಿಯಲ್ಲಿ ಅಮೆರಿಕದ ಟೀವಿಯವರು ಅದನ್ನೇ ‘ದಿ ಟ್ವೈಲೈಟ್ ಝೋನ್’ ಧಾರಾವಾಹಿಯ ಒಂದು ಕಂತಾಗಿ ಬಿಟ್ಟರು. ಅದು ವಿಚಿತ್ರಗಳಿಗೇ ಹೆಸರಾದ ಧಾರಾವಾಹಿ. ಪ್ರತಿ ವಾರ ಏನೋ ಒಂದು ತಿರುವು ಇದ್ದೇ ಇರುತ್ತೆ. ನಿರೂಪಕ ರಾಡ್ ಸರ್ಲಿಂಗ್ ಬಂದು ಪರಿಚಯ ಮಾಡಿಕೊಟ್ಟ ಮೇಲೆ ನೋಡುವವನು ‘ಎಲ್ಲೋ ಏನೋ ಇದೆ’ ಅಂತ ಕಣ್ಣು ಕಿರಿದು ಮಾಡಿಕೊಂಡೇ ಕೂರ್ತಾನೆ. ಕಾನ್‌ನಲ್ಲಿ ಅಯ್ಯೋ ಪಾಪ ಅನ್ನಿಸಿದ ಓಟ, ಟೀವಿಯಲ್ಲಿ ಅನುಮಾನದ ಓಟವಾಯ್ತು. ಕೊನೆ ಏನು ಅಂತ ನಾನು ಬಾಯಿ ಬಿಡಲ್ಲ, ಹುಡುಕಿ ನೋಡಿ. ನನ್ನ ಮತ ನೋಟೀಸಿನ ಕಡೆ.

ದೆವ್ವದ ಚಿತ್ರಗಳ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ನಮ್ಮ ಹುಡುಗರು ತೆಗೆಯೋದು ಹತ್ತರಲ್ಲಿ ಏಳು ಅವೇ ಅನ್ನಿಸೋಷ್ಟು ನೋಡಿ ಸಾಕಾಗಿದೆ. ಬಾಗಿಲು ಕಿರ್ ಅನ್ನಬೇಕು, ನಲ್ಲಿ ತೊಟಕ್ ಅನ್ನಬೇಕು, ಮಗು ನಗಬೇಕು. ಬೋರ್ಡು ಇಷ್ಟು ದಪ್ಪಕ್ಷರದಲ್ಲಿದ್ದರೆ ಊರು ಬರೋ ಮುಂಚೆ ನಿದ್ದೆ ಬರುತ್ತೆ. ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ಹೆಂಡತಿಯನ್ನೇ ನಾಯಕಿ ಮಾಡಿ ತೆಗೆದ ‘ಲೈಟ್ಸ್ ಔಟ್’ ನೋಡಿ. ಮೂರು ನಿಮಿಷವೂ ಇಲ್ಲ, ಮಾತೂ ಇಲ್ಲ. ಮಲಗುವ ಮುಂಚೆ ಅವಳು ದೀಪ ಆರಿಸ್ತಾಳೆ. ಕತ್ತಲಲ್ಲಿ ಯಾರದೋ ಆಕೃತಿ. ದೀಪ ಹಾಕಿದರೆ ಇಲ್ಲ. ಆರಿಸಿದರೆ ಇದೆ. ದಿನಾ ನಾವು ಮಾಡೋ ಕೆಲಸ, ಮನೇಲಿರೋ ಸ್ವಿಚ್ಚು! ಆಟದ ನಿಯಮ ಅರ್ಧ ನಿಮಿಷದಲ್ಲಿ ಗೊತ್ತಾಗಿ ಹೋಯ್ತು, ಆಮೇಲೆ ಅವಳ ಬೆರಳು ಸ್ವಿಚ್ಚಿನ ಹತ್ತಿರ ಹೋದರೆ ನಮ್ಮ ಕೈ ನಡುಗುತ್ತೆ. ಹಾಲಿವುಡ್ಡಿನವರು ಕರೆಸಿಕೊಂಡು 2016ರಲ್ಲಿ ಅದೇ ಹೆಸರಿನ ದೊಡ್ಡ ಚಿತ್ರ ಮಾಡಿಸಿದರು.

ಹಾಗಂತ ಹಾಕಿದ ಬೋರ್ಡಿಗೆ ಕೊನೇವರೆಗೂ ಗುಲಾಮರಾಗಿರಬೇಕು ಅಂತ ನಾನು ಹೇಳ್ತಿಲ್ಲ. ಸತ್ಯಜಿತ್ ರೇ 1964ರಲ್ಲಿ ‘ಟೂ’ ಅಂತ ಒಂದು ಪುಟ್ಟ ಚಿತ್ರ ಮಾಡಿದರು. ಎಸ್ಸೋ ಹೆಸರಿನ ಅಮೆರಿಕದ ಟೀವಿ ಕಾರ್ಯಕ್ರಮಕ್ಕೆ. ಅದರಲ್ಲೂ ಮಾತಿಲ್ಲ. ದೊಡ್ಡ ಮನೆಯ ಹುಡುಗ ಬಾಟಲಿ ಪಾನೀಯ ಕುಡೀತಾ ಒಬ್ಬನೇ ಆಡ್ತಿದ್ದಾನೆ. ಹೊರಗೆ ಕೊಳಲು ಕೇಳುತ್ತೆ, ಗುಡಿಸಲಿನ ಹುಡುಗ. ಇವನು ತುತ್ತೂರಿ ತರ್ತಾನೆ, ಅವನು ಡೋಲು ತರ್ತಾನೆ. ಮಕ್ಕಳ ತುಂಟಾಟ ಅಂತ ನಾವು ನಗ್ತಾ ಕೂತಿರ್ತೀವಿ. ಆಮೇಲೆ ಗಾಳಿಪಟ ಏರುತ್ತೆ, ಈ ಹುಡುಗ ಆಟದ ಬಂದೂಕು ಎತ್ತಿಕೊಳ್ತಾನೆ. ನಗು ಎಲ್ಲಿ ನಿಂತಿತು ಅಂತ ನಮಗೇ ಗೊತ್ತಾಗಲ್ಲ. ರೇ ಮೋಸ ಮಾಡಿದರೇ? ಇಲ್ಲ. ಮೊದಲನೇ ನಿಮಿಷದಲ್ಲೇ ಆ ಮನೆ ಎಷ್ಟು ದೊಡ್ಡದು, ಹುಡುಗ ಎಷ್ಟು ಒಂಟಿ ಅಂತ ತೋರಿಸಿದ್ದಾರೆ. ಬೋರ್ಡಿನಲ್ಲಿ ಎರಡು ಊರಿನ ಹೆಸರಿತ್ತು, ನಾವು ಒಂದನ್ನೇ ಓದಿದೆವು.

ನಮ್ಮವರಲ್ಲಿ ಈ ವಿದ್ಯೆ ಶಂಕರ್‌ನಾಗ್‌ಗೆ ಚೆನ್ನಾಗಿ ಗೊತ್ತಿತ್ತು. 1986ರಲ್ಲಿ ದೂರದರ್ಶನಕ್ಕೆ ಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಅಲ್ವೇ ಅಂತೀರೇನೋ. ಬಹಳಷ್ಟು ಕಂತುಗಳು ತಮ್ಮಷ್ಟಕ್ಕೆ ತಾವೇ ಒಂದೊಂದು ಕಿರುಚಿತ್ರ. ಆರ್.ಕೆ. ಲಕ್ಷ್ಮಣ್ ಗೆರೆಗಳು, ಎಲ್. ವೈದ್ಯನಾಥನ್ ರಾಗ. ಅದು ಕೇಳಿದ ಕೂಡಲೇ ಇಲ್ಲಿ ಯಾರೂ ಯಾರನ್ನೂ ಕೊಚ್ಚಿ ಹಾಕಲ್ಲ, ಬದುಕು ಮೆಲ್ಲಗೆ ನಗಿಸಿ ಮೆಲ್ಲಗೆ ಚಿವುಟುತ್ತೆ ಅಂತ ಮನಸ್ಸು ಸಿದ್ಧ. ನಾನು ಹುಟ್ಟುವ ಮುಂಚಿನದು. ಮರುಪ್ರಸಾರದಲ್ಲಿ ನೋಡಿದವನಿಗೂ ಹಾಗೇ ಆಯ್ತು. ಪುಟ್ಟಣ್ಣ ಕಣಗಾಲರಿಗೆ 1976ರ ‘ಕಥಾಸಂಗಮ’ದಲ್ಲಿ ಇದ್ದ ಕಷ್ಟ ಇನ್ನೂ ದೊಡ್ಡದು. ಒಂದೇ ಟಿಕೆಟ್ಟಿಗೆ ಮೂರು ಕಥೆ. ಮೊದಲನೆಯದರ ಗುಂಗು ಒರೆಸಿ ಎರಡನೆಯದಕ್ಕೆ, ಅದನ್ನೂ ಒರೆಸಿ ‘ಮುನಿತಾಯಿ’ಗೆ ಪ್ರೇಕ್ಷಕನನ್ನು ಕೂರಿಸಬೇಕು. ಅಲ್ಲಿ ಆರತಿಯನ್ನು ಕುರುಡಿಯಾಗಿ ತೋರಿಸಿದ ಕ್ಷಣವೇ ಬೋರ್ಡು ಬದಲಾಯಿತು: ಅವಳಿಗೆ ಕಾಣದ್ದು ನಮಗೆ ಕಾಣುತ್ತೆ. ಆ ಮಾಲಿಯ ಪೈಪಿನ ಉಪಾಯವೇ, ಆದರೆ ಇಲ್ಲಿ ಹೊಟ್ಟೆ ಹಿಂಡುತ್ತೆ. ಖಳನಾಗಿ ಬಂದ ತೆಳ್ಳನೆ ಹುಡುಗ ರಜನೀಕಾಂತ್‌ಗೆ ಅದೇ ಮೊದಲ ಕನ್ನಡ ಚಿತ್ರ.

ಈಗ ಫೋನಿನ ಕಾಲ. ಚಿತ್ರಕ್ಕಿಂತ ಮುಂಚೆ ಹೆಬ್ಬೆರಳಿನಷ್ಟು ಒಂದು ಫೋಟೋ ಕಾಣುತ್ತೆ. ಅದರಲ್ಲಿ ಕೆಂಪು ಬಾಣ, ಬಾಯಿ ಬಿಟ್ಟ ಹುಡುಗಿ, ರಕ್ತ. ಒತ್ತಿದರೆ ಒಳಗೆ ಇಬ್ಬರು ಟೀ ಕುಡೀತಾ ಮದುವೆ ಮಾತಾಡ್ತಿರ್ತಾರೆ! ಧರ್ಮಸ್ಥಳ ಅಂತ ಬೋರ್ಡು ಹಾಕಿ ದಾವಣಗೆರೆಗೆ ಹೊಡೆಯೋ ಡ್ರೈವರನ್ನು ಜನ ಸುಮ್ಮನೆ ಬಿಡ್ತಾರೇನ್ರೀ? ಎರಡು ಸಲ ಮೋಸ ಹೋದವನು ಮೂರನೇ ಸಲ ಕನ್ನಡದ ಕಿರುಚಿತ್ರ ಅಂದರೇ ಬೆರಳು ಸರಿಸಿಬಿಡ್ತಾನೆ. ಹೊಡೆತ ಬೀಳೋದು ಸರ ಅಡವಿಟ್ಟು ತೆಗೆದವನಿಗೆ.

2024ರ ಮೇ ತಿಂಗಳಲ್ಲಿ ಕಾನ್ ಉತ್ಸವದ ವಿದ್ಯಾರ್ಥಿಗಳ ವಿಭಾಗದಲ್ಲಿ ಮೊದಲ ಬಹುಮಾನ ಹೊಡೆದ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಕನ್ನಡದ್ದು. ಮೈಸೂರಿನ ಚಿದಾನಂದ ಎಸ್. ನಾಯ್ಕ್, ಓದಿದ್ದು ಡಾಕ್ಟರಿಕೆ, ಪುಣೆಯ ಸಂಸ್ಥೆಯಲ್ಲಿದ್ದಾಗ ತೆಗೆದ ಹದಿನಾರು ನಿಮಿಷದ ಚಿತ್ರ. ಅಜ್ಜಿಯೊಬ್ಬಳು ಊರಿನ ಹುಂಜ ಕದ್ದೊಯ್ತಾಳೆ. ಊರಿಗೆ ಬೆಳಗೇ ಆಗಲ್ಲ. ಅದಕ್ಕೇ ಇಡೀ ಚಿತ್ರದಲ್ಲಿ ರಾತ್ರಿ. ತನ್ನ ಕೋಳಿ ಕೂಗದಿದ್ರೆ ಬೆಳಗಾಗಲ್ಲ ಅಂತಿದ್ದ ಅಜ್ಜಿಯ ಕಥೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹುಂಜ, ಅಜ್ಜಿ, ಕತ್ತಲು, ಈ ಮೂರು ಕಂಡರೆ ಸಾಕು, ನಮ್ಮೂರ ಯಾವ ಮಗುವೂ ಭೂಮಿ ತಿರುಗೋದು ನಿಂತಿತೇ ಅಂತ ಕೇಳಲ್ಲ. ‘ಆಮೇಲೇನಾಯ್ತು?’ ಅಂತಷ್ಟೇ ಕೇಳುತ್ತೆ.

ಇಂಥ ಬೋರ್ಡುಗಳು ನಮ್ಮ ಅಟ್ಟದ ಮೇಲೆ ಮೂಟೆಗಟ್ಟಲೆ ಬಿದ್ದಿವೆ, ನಮ್ಮ ಹುಡುಗರು ಇನ್ನೂ ಬಾಗಿಲು ಕಿರ್ ಅನ್ನಿಸ್ತಾ ಕೂತಿದ್ದಾರೆ. ನನ್ನ ಗೆಳೆಯ ಮಾತ್ರ ಎರಡನೇ ಚಿತ್ರಕ್ಕೆ ತಯಾರಿ ನಡೆಸಿದ್ದಾನೆ. ಸರ ಇನ್ನೂ ಬಿಡಿಸಿಲ್ಲ. ಈ ಸಲ ಕಥೆ ಬರೆಯೋಕೆ ಮುಂಚೆ ಮೊದಲ ಒಂದು ನಿಮಿಷ ಬರೆದು ಅಪ್ಪನಿಗೆ ಓದಿ ಹೇಳಿದನಂತೆ. ಮುದುಕರು ಕೇಳಿಸಿಕೊಂಡು, ‘ಇದರಲ್ಲಿ ನನಗೆ ಪಾತ್ರ ಇದೆಯೇನೋ?’ ಅಂದರಂತೆ.